ಕೂಗಳತೆ ದೂರದಲ್ಲಿ ಒಂದು ಗುಡ್ಡ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ವಿಡಿಯೋ ಗೇಮಿನ ಬಗ್ಗೆ ಬಂದ ಲೇಖನವನ್ನು ಎರಡು ಸಲ ಓದಿದೆ. ದುಡ್ಡು ಕಟ್ಟಿ ಆಡುವ ರಮ್ಮಿ, ಹುಡುಗರು ಮೊಬೈಲಿನಲ್ಲಿ ಗುಂಡು ಹೊಡೆಯುವ ಆಟ, ಟಿವಿ ಮುಂದೆ ಕೂತು ತಿಂಗಳುಗಟ್ಟಲೆ ಆಡುವ ಕಥೆಯ ಆಟ, ಎಲ್ಲವನ್ನೂ ಒಂದೇ ಗೋಣಿಚೀಲಕ್ಕೆ ತುಂಬಿ ಬಾಯಿ ಹೊಲಿದಿದ್ದೀರಿ. 2025ರ ಆಗಸ್ಟಿನಲ್ಲಿ ಸಂಸತ್ತಿನಲ್ಲಿ ಪಾಸಾದ ಆನ್‌ಲೈನ್ ಗೇಮಿಂಗ್ ಕಾನೂನು ಕೂಡ ಹಣ ಕಟ್ಟುವ ಆಟಗಳನ್ನು ಬೇರೆ ತೆಗೆದಿಟ್ಟು ನಿಷೇಧಿಸಿದೆ, ಉಳಿದವುಗಳನ್ನು ಬೇರೆಯಾಗಿಯೇ ನೋಡಿದೆ. ಸರ್ಕಾರಕ್ಕೇ ಹೊಳೆದ ವ್ಯತ್ಯಾಸ ನಿಮ್ಮ ಲೇಖಕರಿಗೆ ಹೊಳೆಯಲಿಲ್ಲವಲ್ಲ ಅಂತ ನಗು ಬಂತು. ಇರಲಿ. ಆ ಜಗಳ ಬೇರೆಯವರು ಆಡುತ್ತಾರೆ. ನನಗೆ ಹೇಳಬೇಕಾಗಿರುವುದು ಓಪನ್ ವರ್ಲ್ಡ್ ಅನ್ನುವ ಒಂದು ಜಾತಿಯ ಆಟದ ಬಗ್ಗೆ, ಅದರ ಜೊತೆಗೆ ಸ್ವಲ್ಪ ಮನೆ ವಿಷಯ. ಪತ್ರ ಉದ್ದವಾಗುತ್ತದೆ. ಕತ್ತರಿಸುವುದಾದರೆ ಮಧ್ಯದಲ್ಲಿ ಕತ್ತರಿಸಿ, ಕೊನೆಯದನ್ನು ಹಾಗೇ ಉಳಿಸಿ.

ನನಗೆ 63 ವರ್ಷ. ಭೂಮಾಪನ ಇಲಾಖೆಯಲ್ಲಿ ಸರ್ವೆಯರ್ ಆಗಿ ಸೇರಿ, ಮಧುಗಿರಿ, ಕೊರಟಗೆರೆ, ಮಾಗಡಿ, ನೆಲಮಂಗಲ ಅಂತ ಸುತ್ತಿ ನಿವೃತ್ತನಾದೆ. ಮೂರು ವರ್ಷದ ಹಿಂದೆ ಮಗ ಜರ್ಮನಿಗೆ ಹೊರಟಾಗ ಅವನ ಪ್ಲೇಸ್ಟೇಷನ್, ಅಂದರೆ ಟಿವಿಗೆ ಸಿಕ್ಕಿಸಿ ಆಟ ಆಡುವ ಯಂತ್ರ, ಇಲ್ಲೇ ಬಿಟ್ಟ. 'ಅಪ್ಪಾ, ಸುಮ್ನೆ ಧೂಳು ಹಿಡಿಯುತ್ತೆ, ಒಂದ್ಸಲ ಆಡಿ ನೋಡಿ' ಅಂದಿದ್ದ. ನಾನು ಅದರ ಮೇಲೆ ಟವೆಲ್ ಹೊದಿಸಿ ಟಿವಿ ಸ್ಟ್ಯಾಂಡಿನ ಕೆಳಗೆ ಇಟ್ಟಿದ್ದೆ. ಒಂದು ಮಳೆಯ ಮಧ್ಯಾಹ್ನ ಕರೆಂಟು ಹೋಗಿ ಬಂತು, ಧಾರಾವಾಹಿ ನೋಡುವ ಮನಸ್ಸಿರಲಿಲ್ಲ, ಟವೆಲ್ ತೆಗೆದೆ. ಅಲ್ಲಿಂದ ಶುರು.

ಓಪನ್ ವರ್ಲ್ಡ್ ಅಂದರೆ ಗೊತ್ತಿಲ್ಲದವರಿಗೆ ಎರಡು ಮಾತು. ಹಳೆಯ ಆಟಗಳಲ್ಲಿ ಎಡದಿಂದ ಬಲಕ್ಕೆ ಓಡಬೇಕು, ಒಂದು ಹಂತ ಮುಗಿದರೆ ಮುಂದಿನದು. ಇದರಲ್ಲಿ ಒಂದು ಸೀಮೆಯನ್ನೇ ಕಟ್ಟಿ ನಿಮ್ಮನ್ನು ಅದರ ನಡುವೆ ಬಿಟ್ಟುಬಿಡುತ್ತಾರೆ. ಬೆಟ್ಟ, ಹೊಳೆ, ಊರು, ಸಂತೆ, ಜನ. ಯಾವ ಕಡೆ ಬೇಕಾದರೂ ಹೋಗಿ. ಕಥೆ ಇರುತ್ತದೆ, ಆದರೆ ಕಾಯುತ್ತದೆ. 1984ರಲ್ಲೇ ಇಂಗ್ಲೆಂಡಿನ ಇಬ್ಬರು ಹುಡುಗರು ಈಗಿನ ಒಂದು ಫೋಟೋ ಹಿಡಿಯದಷ್ಟು ಸಣ್ಣ ಮೆಮೊರಿಯಲ್ಲಿ 'ಎಲೀಟ್' ಅಂತ ಒಂದು ಆಟ ಮಾಡಿ, ಅದರಲ್ಲಿ ಎಂಟು ನಕ್ಷತ್ರಮಂಡಲ, ಒಂದೊಂದರಲ್ಲಿ 256 ಗ್ರಹ ತುಂಬಿದ್ದರು. 2016ರಲ್ಲಿ ಬಂದ 'ನೋ ಮ್ಯಾನ್ಸ್ ಸ್ಕೈ'ನಲ್ಲಿ ಗ್ರಹಗಳ ಸಂಖ್ಯೆ ಎಷ್ಟು ಗೊತ್ತಾ, 18 ಬರೆದು ಮುಂದೆ 18 ಸೊನ್ನೆ ಹಾಕಬೇಕು. ಮಗ ಇದನ್ನು ಹೇಳಿದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ, ಅದಕ್ಕೆಲ್ಲ ಪೋಡಿ ಮಾಡುವವರು ಯಾರಪ್ಪಾ ಅಂತ. ಪೋಡಿ ಅಂದರೆ ಜಮೀನು ಭಾಗ ಮಾಡಿ ಗೆರೆ ಎಳೆಯುವ ನಮ್ಮ ಕೆಲಸ.

ಒಬ್ಬ ಸರ್ವೆಯರ್ ಈ ಆಟಗಳನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾನೆ. ಬೇರೆಯವರು ಕತ್ತಿ, ಕುದುರೆ ನೋಡಿದರೆ ನಾನು ನೆಲ ನೋಡುತ್ತೇನೆ. ನೀರು ಎಲ್ಲಿಂದ ಇಳಿಯುತ್ತದೆ, ದಾರಿ ಯಾಕೆ ಇಲ್ಲಿ ಬಳಸಿತು, ಈ ಊರು ಇಲ್ಲೇ ಯಾಕೆ ಹುಟ್ಟಿತು. ಕೆಲವು ಆಟಗಳಲ್ಲಿ ಇದಕ್ಕೆಲ್ಲ ಉತ್ತರ ಇರುತ್ತದೆ. ಕೆಲವದರಲ್ಲಿ ಹೊಳೆ ಗುಡ್ಡದ ಮೇಲೆ ಹತ್ತಿಕೊಂಡು ಹೋಗುತ್ತದೆ, ನಾನು ಬೈದುಕೊಂಡು ಆಫ್ ಮಾಡುತ್ತೇನೆ.

ನನಗೆ ಮೊದಲು ಸಿಟ್ಟು ಬಂದಿದ್ದು ನಕ್ಷೆಯ ಮೇಲೆ. 2007ರ 'ಅಸ್ಯಾಸಿನ್ಸ್ ಕ್ರೀಡ್'ನಿಂದ ಒಂದು ಚಾಳಿ ಶುರುವಾಯಿತು. ಎತ್ತರದ ಗೋಪುರ ಹತ್ತು, ಸುತ್ತಲೂ ನೋಡು, ತಕ್ಷಣ ನಕ್ಷೆಯ ತುಂಬಾ ಚಿಹ್ನೆಗಳು ಸುರಿಯುತ್ತವೆ. ಇಲ್ಲಿ ಪೆಟ್ಟಿಗೆ, ಅಲ್ಲಿ ಶತ್ರು, ಅಲ್ಲೊಂದು ಸಣ್ಣ ಕೆಲಸ. 2012ರ 'ಫಾರ್ ಕ್ರೈ 3' ಅದನ್ನೇ ರೇಡಿಯೋ ಟವರ್ ಮಾಡಿತು. ಆಮೇಲೆ ಎಲ್ಲರೂ ಅದನ್ನೇ ಮಾಡಿದರು. ಮೊದಲ ಎರಡು ದಿನ ಖುಷಿಯಾಗುತ್ತದೆ. ಮೂರನೇ ದಿನ ನೀವು ಊರು ನೋಡುವುದನ್ನೇ ಬಿಟ್ಟು ಚಿಹ್ನೆ ನೋಡುತ್ತಾ ಓಡಾಡುತ್ತೀರಿ. ಪರದೆಯ ಮೂಲೆಯಲ್ಲಿ ಬಿಲ್ಲೆಯಷ್ಟು ನಕ್ಷೆ, ಕಣ್ಣೆಲ್ಲ ಅದರ ಮೇಲೆ. ಪಕ್ಕದಲ್ಲಿ ಸೂರ್ಯ ಮುಳುಗುತ್ತಿದ್ದಾನೆ, ಅದನ್ನು ಬರೆಯಲು ಯಾರೋ ನೂರು ಜನ ವರ್ಷಗಟ್ಟಲೆ ಕೂತಿದ್ದಾರೆ, ನೀವು ಮಾತ್ರ ಹಳದಿ ಚುಕ್ಕೆಯ ಹಿಂದೆ. ಪಹಣಿ ಓದಿ ಜಮೀನು ನೋಡಿದೆ ಅಂದ ಹಾಗೆ ಇದು. ಪಹಣಿಯಲ್ಲಿ ಸರ್ವೆ ನಂಬರ್ ಇದೆ, ವಿಸ್ತೀರ್ಣ ಇದೆ, ಬೇಸಾಯಕ್ಕೆ ಬಾರದ ಖರಾಬು ಎಷ್ಟು ಅಂತ ಇದೆ. ಬದುವಿನ ಮೇಲಿನ ಹೊಂಗೆ ಮರ ಯಾರು ನೆಟ್ಟಿದ್ದು ಅಂತ ಇಲ್ಲ.

ನಮ್ಮ ಕೆಲಸದಲ್ಲಿ ಹೊಸ ಊರಿಗೆ ಹೋದರೆ ಮೊದಲು ಚೈನು ಬಿಚ್ಚುತ್ತಿರಲಿಲ್ಲ. 33 ಅಡಿಯ ಚೈನು ಅದು, ಒಂದು ಚೈನು ಉದ್ದ ಒಂದು ಚೈನು ಅಗಲ ಇದ್ದರೆ ಒಂದು ಗುಂಟೆ, ಅಂಥ 40 ಸೇರಿದರೆ ಒಂದು ಎಕರೆ. ಅದನ್ನು ಹಾಗೇ ಚೀಲದಲ್ಲಿಟ್ಟು ಅರಳಿಕಟ್ಟೆ ಮೇಲೆ ಕೂರುತ್ತಿದ್ದೆ. ಟೀ ಬರುತ್ತಿತ್ತು. ಗಡಿ ಗುರುತಿನ ಹಳೆಯ ಬಾಂದುಕಲ್ಲು ಎಲ್ಲಿದೆ ಅಂತ ಗೊತ್ತಿರುವ ಒಬ್ಬ ಮುದುಕ ಎಲ್ಲ ಊರಲ್ಲೂ ಇರುತ್ತಾನೆ, ಅವನು ಸಿಕ್ಕುವವರೆಗೆ ಹಳೆಯ ಅಳತೆಯ ಟಿಪ್ಪಣಿ ಇದ್ದೂ ಉಪಯೋಗವಿಲ್ಲ. ದಾರಿ ಕೇಳಿದರೆ 'ಇಲ್ಲೇ ಸ್ವಾಮಿ, ಕೂಗಳತೆ ದೂರ' ಅನ್ನುತ್ತಿದ್ದರು. ನಡೆದು ನೋಡಿದರೆ ಮೂರು ಕಿಲೋಮೀಟರ್. 'ಒಂದು ಬೀಡಿ ಸೇದುವಷ್ಟರಲ್ಲಿ' ಅಂದರೆ ಎರಡು ಬೀಡಿ ಅಂತ ತಿಳಿಯಬೇಕು.

ಇದೇ ಅನುಭವ ಕೊಟ್ಟ ಆಟ 2002ರ 'ಮಾರೋವಿಂಡ್'. ಮಗನ ಹಳೆಯ ಕಂಪ್ಯೂಟರಿನಲ್ಲಿತ್ತು. ಚಿತ್ರ ಈಗ ನೋಡಿದರೆ ಮಣ್ಣಿನ ಗೊಂಬೆ ಥರ ಇದೆ. ಆದರೆ ಅದರಲ್ಲಿ ಎಲ್ಲಿಗೆ ಹೋಗಬೇಕು ಅಂತ ಬಾಣದ ಗುರುತು ಇಲ್ಲ. ಜನ ಬಾಯಲ್ಲಿ ದಾರಿ ಹೇಳುತ್ತಾರೆ. ಊರ ದಕ್ಷಿಣಕ್ಕೆ ಹೋಗು, ಸೇತುವೆ ದಾಟು, ದೊಡ್ಡ ಬಂಡೆಯ ಹತ್ತಿರ ಎಡಕ್ಕೆ ತಿರುಗು. ನೀವು ಆ ಮಾತನ್ನು ನೆನಪಿಟ್ಟುಕೊಂಡು ನಡೆಯಬೇಕು, ಬಂಡೆಯನ್ನು ಹುಡುಕಬೇಕು, ಇದೇನಾ ಅದೇನಾ ಅಂತ ಒದ್ದಾಡಬೇಕು. ಕೆಲವು ಸಲ ಹೇಳಿದ ದಾರಿ ತಪ್ಪೂ ಇರುತ್ತದೆ. ನಾನು ನಕ್ಕೆ. ಕೂಗಳತೆಯವರು ಅಲ್ಲೂ ಇದ್ದಾರೆ! ಅದೇ ಕಂಪನಿ 2006ರಲ್ಲಿ ಮುಂದಿನ ಆಟ ಮಾಡಿದಾಗ ದಿಕ್ಸೂಚಿಯಲ್ಲಿ ಬಾಣ ಇಟ್ಟರು, ನಕ್ಷೆ ಒತ್ತಿದರೆ ಅಲ್ಲಿಗೆ ಹಾರಿ ಹೋಗುವ ಸೌಲಭ್ಯ ಕೊಟ್ಟರು. ಅನುಕೂಲವೇನೋ ಆಯಿತು. ದಾರಿ ಕೇಳುವುದು ನಿಂತುಹೋಯಿತು.

ಈಗ ಒಳ್ಳೆಯ ಉದಾಹರಣೆ ಹೇಳುತ್ತೇನೆ, ಇದು ನನಗೆ ತುಂಬಾ ಪ್ರೀತಿಯ ವಿಷಯ. ನನ್ನ ತಂಗಿಯ ಮಗಳು ಸಿಂಗಪುರದಿಂದ ತಂದ ಸ್ವಿಚ್ ಅನ್ನುವ ಆಟದ ಯಂತ್ರದಲ್ಲಿ 2017ರ ಜೆಲ್ಡಾ ಆಟ, 'ಬ್ರೆತ್ ಆಫ್ ದ ವೈಲ್ಡ್' ಆಡಿದೆ. ಜಪಾನಿನ ನಿಂಟೆಂಡೋದವರದು. ಅದನ್ನು ಕಟ್ಟಿದವರು ಆ ವರ್ಷ ಒಂದು ಸಮ್ಮೇಳನದಲ್ಲಿ ತಮ್ಮ ಗುಟ್ಟು ಬಿಟ್ಟುಕೊಟ್ಟರು. ಗುಟ್ಟು ಅಂದರೆ ತ್ರಿಕೋನ. ನೆಲವನ್ನೆಲ್ಲ ತ್ರಿಕೋನದ ಲೆಕ್ಕದಲ್ಲಿ ಮಾಡಿದ್ದಾರೆ. ದೊಡ್ಡ ತ್ರಿಕೋನ ಅಂದರೆ ದೂರದಿಂದ ಕಾಣುವ ಬೆಟ್ಟ, ಅದು ದಿಕ್ಕು ಹೇಳುತ್ತದೆ. ಮಧ್ಯಮದ್ದು ದಿಬ್ಬ, ಅದು ಹಿಂದೆ ಇರುವುದನ್ನು ಮರೆ ಮಾಡುತ್ತದೆ. ಸಣ್ಣದು ಬಂಡೆ, ಗುಡ್ಡೆ, ನಡಿಗೆಯ ಲಯಕ್ಕೆ. ದಿಬ್ಬ ಎದುರಾದಾಗ ಹತ್ತಬೇಕೋ ಬಳಸಬೇಕೋ ಅನ್ನುವುದು ನಿಮ್ಮ ಇಷ್ಟ. ಬಳಸುತ್ತಾ ಹೋದ ಹಾಗೆ ಅದರ ಹಿಂದೆ ಏನೋ ಒಂದು ಸ್ವಲ್ಪ ಸ್ವಲ್ಪವೇ ಇಣುಕುತ್ತದೆ. ನೀವು ಹೊರಟಿದ್ದು ಎಲ್ಲಿಗೋ, ಕಾಲು ಅತ್ತ ತಿರುಗುತ್ತದೆ. ಮೊದಮೊದಲು ಅವರೂ ಗೋಪುರಗಳನ್ನು ಸಾಲಾಗಿಟ್ಟು ನೋಡಿದ್ದರಂತೆ. ಆಡಿ ನೋಡಿದವರಿಗೆ ಯಾರೋ ಹಗ್ಗ ಕಟ್ಟಿ ಎಳೆದ ಹಾಗೆ ಅನಿಸಿತಂತೆ. ಆಗ ಬದಲಾಯಿಸಿದರು.

ಇದನ್ನು ಓದಿದಾಗ ನನಗೆ ಮೈ ಜುಂ ಅಂದಿತು. ಯಾಕೆ ಅಂದರೆ ನಮ್ಮ ಕಸುಬಿನ ಬೇರೂ ತ್ರಿಕೋನವೇ. 1802ರಲ್ಲಿ ಮದ್ರಾಸಿನಲ್ಲಿ ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ ಮಹಾ ತ್ರಿಕೋನಮಿತಿ ಸರ್ವೆ ಶುರು ಮಾಡಿದ. 1804ರಲ್ಲಿ ಬೆಂಗಳೂರಿನ ಹತ್ತಿರ ಒಂದು ಬೇಸ್‌ಲೈನ್ ಅಳೆದರು. ನೆಲದ ಮೇಲೆ ಒಂದು ಗೆರೆಯನ್ನು ಸರಿಯಾಗಿ ಅಳೆದರೆ ಸಾಕು, ಆಮೇಲೆ ಬೆಟ್ಟದಿಂದ ಬೆಟ್ಟಕ್ಕೆ ಕೋನ ನೋಡುತ್ತಾ ಇಡೀ ದೇಶ ಅಳೆಯಬಹುದು. ಇನ್ನೂರು ವರ್ಷದ ಹಿಂದೆ ಇವರು ಬೆಟ್ಟ ಹತ್ತಿದ್ದು ದೇಶವನ್ನು ಕಾಗದಕ್ಕೆ ಇಳಿಸಲಿಕ್ಕೆ. ಜಪಾನಿನವರು ಅದೇ ತ್ರಿಕೋನ ಹಿಡಿದು ಕಾಗದದಿಂದ ಒಂದು ದೇಶವನ್ನು ಎಬ್ಬಿಸಿದರು. ಅದೂ ಹೇಗೆ, ನಿರ್ದೇಶಕ ಫುಜಿಬಯಾಶಿ ತನ್ನ ಊರು ಕ್ಯೋಟೋದ ನಕ್ಷೆ ಇಟ್ಟುಕೊಂಡು, ಇಲ್ಲಿಂದ ಅಲ್ಲಿಗೆ ನಡೆದರೆ ಎಷ್ಟು ಹೊತ್ತು ಅಂತ ತನಗೆ ಗೊತ್ತಿದ್ದ ದೂರದಿಂದ ಆಟದ ದೂರ ಗೊತ್ತುಮಾಡಿದನಂತೆ. ಬೀಡಿ ಲೆಕ್ಕವೇ ಅಲ್ವಾ ಇದು! ಮೊದಲ ಜೆಲ್ಡಾ, 1986ರದ್ದು, ಅದರ ಹಿಂದೆಯೂ ಇಂಥದ್ದೇ. ಅದನ್ನು ಮಾಡಿದ ಮಿಯಾಮೋಟೋ ಚಿಕ್ಕ ಹುಡುಗನಾಗಿದ್ದಾಗ ಕ್ಯೋಟೋ ಪಕ್ಕದ ಸೊನೋಬೆ ಅನ್ನುವ ಊರಿನ ಸುತ್ತ ಅಲೆಯುತ್ತಾ ಒಂದು ಗುಹೆ ಕಂಡ. ಒಳಗೆ ಹೋಗಲು ಹೆದರಿಕೆ. ಆಮೇಲೆ ಲಾಂದ್ರ ಹಿಡಿದು ಬಂದು ನುಗ್ಗಿದ. ಆ ಹೆದರಿಕೆಯನ್ನೇ ಮುಂದೆ ಜಗತ್ತಿಗೆಲ್ಲ ಮಾರಿದ ಅನ್ನಿ.

ಜಾಗದ ಮಾತು ಸಾಕು. ಜನರ ವಿಷಯಕ್ಕೆ ಬಂದರೆ ಈ ಆಟಗಳು ಅಷ್ಟು ಜಾಣತನ ತೋರಿಸುವುದಿಲ್ಲ.

ನಮ್ಮ ಮನೆಯವರು ಆಡುವುದು 'ಸ್ಟಾರ್‌ಡ್ಯೂ ವ್ಯಾಲಿ'. 2016ರಲ್ಲಿ ಬಂದ ಬೇಸಾಯದ ಆಟ, ಎರಿಕ್ ಬರೋನ್ ಅನ್ನುವವನು ಚಿತ್ರ, ಸಂಗೀತ, ಕೋಡು ಎಲ್ಲ ಒಬ್ಬನೇ ಕೂತು ಮಾಡಿದ್ದು. ಓಪನ್ ವರ್ಲ್ಡ್ ಅನ್ನಲು ಸ್ವಲ್ಪ ಚಿಕ್ಕದು, ಇರಲಿ. ಅದರಲ್ಲಿ ಊರ ಜನರ ಜೊತೆ ಸ್ನೇಹ ಬೆಳೆಸಬೇಕು. ಹೇಗೆ? ಉಡುಗೊರೆ ಕೊಡಬೇಕು. ವಾರಕ್ಕೆ ಒಬ್ಬರಿಗೆ ಎರಡೇ. ಇಷ್ಟವಾದದ್ದು ಕೊಟ್ಟರೆ ಅಂಕ ಏರುತ್ತದೆ, 250 ಅಂಕಕ್ಕೆ ಒಂದು ಹೃದಯದ ಗುರುತು ತುಂಬುತ್ತದೆ. ಹುಟ್ಟುಹಬ್ಬದ ದಿನ ಕೊಟ್ಟರೆ ಎಂಟು ಪಟ್ಟು. ನಾನು ಗೇಲಿ ಮಾಡಿದೆ, 'ಏನಿದು, ಸ್ನೇಹ ಅಂದರೆ ಪಿಗ್ಮಿ ಡೆಪಾಸಿಟ್ಟಾ?' ಅಂತ. ಅವಳು ಆಟ ನಿಲ್ಲಿಸಿ ಬೀರುವಿನಿಂದ ಒಂದು ಹಳೆಯ ನೋಟ್‌ಬುಕ್ ತಂದು ನನ್ನ ಮುಂದೆ ಇಟ್ಟಳು. ನಮ್ಮ ಮದುವೆಯ ಮುಯ್ಯಿ ಪುಸ್ತಕ. ಯಾರು 11 ರೂಪಾಯಿ, ಯಾರು 51, ಯಾರು ಸ್ಟೀಲ್ ಬೋಸಿ, ಯಾರು ಗೋಡೆ ಗಡಿಯಾರ, ಎಲ್ಲ ನಮ್ಮ ಮಾವನವರ ದುಂಡು ಅಕ್ಷರದಲ್ಲಿ. 'ರೀ, ಇದೇನು ಮತ್ತೆ?' ಅಂದಳು. ನಾನು ಸುಮ್ಮನಾದೆ.

ಆದರೆ ಎರಡು ದಿನ ಯೋಚನೆ ಮಾಡಿದ ಮೇಲೆ ನನಗೆ ಒಂದು ವ್ಯತ್ಯಾಸ ಕಂಡಿತು. ಅವಳಿಗೂ ಹೇಳಿದೆ, ಅವಳು ಅರ್ಧ ಒಪ್ಪಿದಳು. ಆಟದಲ್ಲಿ ಹೃದಯ ಹತ್ತು ತುಂಬಿದರೆ ಮುಗಿಯಿತು. ಆ ಮನುಷ್ಯ ಅಲ್ಲಿಗೆ ಪೂರ್ತಿಯಾದ. ಮುಂದೆ ಅವನ ಹತ್ತಿರ ಹೇಳಲು ಹೆಚ್ಚು ಮಾತೂ ಇಲ್ಲ. ಮುಯ್ಯಿ ಹಾಗಲ್ಲ. 51 ಕೊಟ್ಟವರಿಗೆ ಸರಿಯಾಗಿ 51 ತಿರುಗಿ ಕೊಟ್ಟರೆ ನಿಮ್ಮ ಸಹವಾಸ ಬೇಡ ಅಂದ ಹಾಗೆ. 101 ಕೊಡಬೇಕು. ಆಗ ಅವರ ಮೇಲೆ 50 ನಿಲ್ಲುತ್ತದೆ. ಅವರು ಮುಂದಿನ ನಾಮಕರಣಕ್ಕೆ ಇನ್ನಷ್ಟು ಸೇರಿಸಿ ಕೊಡುತ್ತಾರೆ. ಲೆಕ್ಕ ಬರೆಯುವುದೇ ಅದು ಯಾವತ್ತೂ ಚುಕ್ತಾ ಆಗದ ಹಾಗೆ ನೋಡಿಕೊಳ್ಳಲಿಕ್ಕೆ. ಬಾಕಿ ಇರುವವರೆಗೆ ಹೋಗಿ ಬರುವುದು ಇರುತ್ತದೆ. ಅಮೆರಿಕದ ಒಬ್ಬ ಹುಡುಗ ಒಬ್ಬನೇ ಕೂತು ಇಷ್ಟು ಚೆಂದದ ಆಟ ಮಾಡಿದ್ದಾನೆ, ಅವನಿಗೆ ಯಾರಾದರೂ ಮುಯ್ಯಿ ಪುಸ್ತಕ ತೋರಿಸಿದ್ದರೆ ಹೃದಯದ ಗುರುತನ್ನು ತುಂಬಲು ಬಿಡುತ್ತಿರಲಿಲ್ಲ ಅಂತ ನನ್ನ ಅನುಮಾನ.

ಎಲ್ಲ ಆಟಗಳೂ ಹೀಗೆ ಅಂತಲ್ಲ. ಪೋಲೆಂಡಿನವರು 2015ರಲ್ಲಿ ಮಾಡಿದ 'ವಿಚರ್ 3'ರಲ್ಲಿ ಒಬ್ಬ ಅಜ್ಜಿ ತನ್ನ ಬಾಣಲೆ ತಂದುಕೊಡಪ್ಪಾ ಅನ್ನುತ್ತಾಳೆ. ರಾಕ್ಷಸರನ್ನು ಕೊಲ್ಲುವ ವೀರನಿಗೆ ಬಾಣಲೆ ತರುವ ಕೆಲಸ. ನಾನು ಬೇರೆ ಎಲ್ಲ ಬಿಟ್ಟು ಮೊದಲು ಅದನ್ನು ಮಾಡಿದೆ. ಅದೇ ಆಟದಲ್ಲಿ ಒಬ್ಬ ಜಮೀನ್ದಾರ ಬರುತ್ತಾನೆ, ಕುಡುಕ, ಹೆಂಡತಿಯನ್ನು ಹೊಡೆದವನು, ಹೆಂಡತಿ ಮಗಳು ಇಬ್ಬರೂ ಮನೆ ಬಿಟ್ಟಿದ್ದಾರೆ, ಹುಡುಕಿಕೊಡು ಅಂತ ಅಳುತ್ತಾನೆ. ನೀವು ಹುಡುಕಿದರೂ ಆ ಮನೆ ಸರಿಹೋಗುವುದಿಲ್ಲ. ನೀವು ಏನು ಆರಿಸಿದರೂ ಯಾರಿಗೋ ಏಟು ಬೀಳುತ್ತದೆ, ಅದೂ ತುಂಬಾ ಹೊತ್ತಿನ ಮೇಲೆ, ನೀವು ಮರೆತ ಮೇಲೆ. ಪೋಡಿ ಮಾಡಲು ಹೋದ ಎಷ್ಟೋ ಮನೆಗಳ ಜಗಲಿ ನೆನಪಾಯಿತು. ಗೆರೆ ಎಳೆಯುವುದು ಅರ್ಧ ದಿನದ ಕೆಲಸ. ಒಳಗೆ ಹೆಂಗಸರು ಪಾತ್ರೆ ಎತ್ತಿ ಹಾಕುವ ಸದ್ದು ಕೇಳುತ್ತಿತ್ತು.

ಇನ್ನೊಂದು, 2019ರ 'ಡೆತ್ ಸ್ಟ್ರಾಂಡಿಂಗ್'. ಹಿಡಿಯೋ ಕೊಜಿಮಾ ಮಾಡಿದ್ದು. ಬೆನ್ನ ಮೇಲೆ ಹೊರೆ ಹೊತ್ತು ಬೆಟ್ಟ ಗುಡ್ಡ ದಾಟಿ ಜನರಿಗೆ ಸಾಮಾನು ತಲುಪಿಸುವುದು, ಅಷ್ಟೆ ಆಟ. ಹೊರೆ ಜಾಸ್ತಿಯಾದರೆ ವಾಲುತ್ತೀರಿ, ಹೊಳೆಯಲ್ಲಿ ಜಾರುತ್ತೀರಿ. ಒಂದು ಸಂಜೆ ನಾನು ಒಂದು ಸೀಳು ಹೊಳೆಯ ಮುಂದೆ ನಿಂತಿದ್ದೆ, ನನ್ನ ಹತ್ತಿರ ಏಣಿ ಇರಲಿಲ್ಲ. ಸ್ವಲ್ಪ ಮೇಲೆ ಹೋದರೆ ಯಾರೋ ಹಾಕಿಟ್ಟ ಏಣಿ. ಕಂಪ್ಯೂಟರ್ ಇಟ್ಟಿದ್ದಲ್ಲ, ಜಗತ್ತಿನ ಯಾವುದೋ ಮೂಲೆಯಲ್ಲಿ ಅದೇ ಆಟ ಆಡುತ್ತಿದ್ದ ಇನ್ನೊಬ್ಬ ಮನುಷ್ಯ ದಾಟಲು ಹಾಕಿದ್ದು ನನ್ನ ಆಟದಲ್ಲಿ ಬಂದು ಕೂತಿದೆ. ಅವನು ನನಗೆ ಕಾಣುವುದಿಲ್ಲ. ಮಾತಾಡುವ ಹಾಗಿಲ್ಲ. ಬೇಕಾದರೆ ಒಂದು ಲೈಕ್ ಒತ್ತಬಹುದು. ನಾನು ಮರುದಿನ ಇನ್ನೊಂದು ಹೊಳೆಗೆ ಸೇತುವೆ ಹಾಕಿ ಬಂದೆ. ವಾರದ ಮೇಲೆ ಅದರ ಮೇಲೆ ಎಷ್ಟೋ ಜನ ದಾಟಿದ ಲೈಕು ಬಂದಿತ್ತು. ನಿವೃತ್ತಿಯ ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿದಾಗಲೂ ನನಗೆ ಅಷ್ಟು ಖುಷಿ ಆಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ನಮ್ಮ ಹಳೆಯ ದಾರಿಗಳಲ್ಲಿ ಬೇಸಿಗೆಗೆ ಅರವಟ್ಟಿಗೆ ಇಡುತ್ತಿದ್ದರು. ತಲೆಹೊರೆ ಇಳಿಸಿ ಸುಧಾರಿಸಿಕೊಳ್ಳಲಿ ಅಂತ ಎದೆಮಟ್ಟದ ಕಲ್ಲು ನಿಲ್ಲಿಸುತ್ತಿದ್ದರು, ಯಾರ ನೆರವೂ ಇಲ್ಲದೆ ಹೊರೆಯನ್ನು ಕಲ್ಲಿನ ಮೇಲೆ ಸರಿಸಿ ಮತ್ತೆ ತಲೆಗೆ ಏರಿಸಿಕೊಳ್ಳಲಿಕ್ಕೆ. ನೆಟ್ಟವನ ಹೆಸರು ಹೊತ್ತವನಿಗೆ ಗೊತ್ತಿರುತ್ತಿರಲಿಲ್ಲ. ಆ ಕೊಜಿಮಾ ಇದನ್ನು ಎಲ್ಲಿ ನೋಡಿದನೋ.

ಈಗ ಕುದುರೆಯ ವಿಷಯ. ಇದಕ್ಕಾಗಿಯೇ ಪತ್ರ ಬರೆಯಲು ಕೂತಿದ್ದು.

'ರೆಡ್ ಡೆಡ್ ರಿಡೆಂಪ್ಷನ್ 2' ಅನ್ನುವ ಆಟ 2018ರಲ್ಲಿ ಬಂತು. ಕಥೆ ನಡೆಯುವುದು 1899ರ ಅಮೆರಿಕದಲ್ಲಿ. ಅದರಲ್ಲಿ ಕುದುರೆಗೆ ಮೇವು ಹಾಕಬೇಕು, ಮೈ ಉಜ್ಜಬೇಕು, ಹೆದರಿದಾಗ ಕತ್ತು ತಟ್ಟಬೇಕು. ಮಾಡಿದಷ್ಟೂ ಅದು ನಿಮ್ಮನ್ನು ನಂಬುತ್ತದೆ, ಆ ನಂಬಿಕೆಗೆ ನಾಲ್ಕು ಮೆಟ್ಟಿಲು. ಇಲ್ಲೂ ಲೆಕ್ಕವೇ, ಆದರೆ ಇದು ಕೆಲಸ ಮಾಡುತ್ತದೆ, ಯಾಕೆಂದರೆ ಎಲ್ಲಿಗೆ ಹೋದರೂ ನೀವು ಅದರ ಬೆನ್ನ ಮೇಲೇ ಇರುತ್ತೀರಿ. ಮಗ ಆಡಿ ಅರ್ಧಕ್ಕೆ ಬಿಟ್ಟಿದ್ದ ಆಟವನ್ನೇ ನಾನು ಮುಂದುವರಿಸಿದೆ. ಅವನ ಕುದುರೆ ಕೆಂಪಗಿತ್ತು. ಹೆಸರು ನೋಡಿದೆ, ಕೆಂಚ.

ಕೆಂಚ ಅಂದರೆ ಊರಲ್ಲಿ ನಮ್ಮಣ್ಣನ ಮನೆಯ ಎತ್ತು. ಮಗ ಸಣ್ಣವನಿದ್ದಾಗ ಬೇಸಿಗೆ ರಜೆಯಲ್ಲಿ ಆ ಗಾಡಿಯಿಂದ ಇಳಿಯುತ್ತಲೇ ಇರಲಿಲ್ಲ. ಆಮೇಲೆ ಪಿತ್ರಾರ್ಜಿತದಲ್ಲಿ ಮೂರು ಗುಂಟೆ ಬದುವಿನ ತಕರಾರು ಬಂತು. ಊರವರ ಜಮೀನೆಲ್ಲ ಅಳೆದವನು ನಾನು, ನಮ್ಮದನ್ನು ಅಳೆಯಲು ಬೇರೆ ಸರ್ವೆಯರ್ ಬಂದ. ಹದ್ದುಬಸ್ತು, ಅಂದರೆ ಗಡಿ ಅಳೆದು ಗೊತ್ತುಮಾಡುವುದು, ಆಯಿತು. ಕಲ್ಲು ನಾಲ್ಕು ಅಡಿ ಅಣ್ಣನ ಕಡೆಗೆ ಸರಿಯಿತು. ಕಾಗದದಲ್ಲಿ ನಾನು ಗೆದ್ದೆ. ಅಲ್ಲಿಂದ ಅಣ್ಣನ ಮನೆಗೆ ಹೋಗುವುದು ಅಂದರೆ ನಕ್ಷೆಯ ಚಿಹ್ನೆ ಮುಟ್ಟಿ ಬಂದ ಹಾಗೆ ಆಯಿತು. ಗೃಹಪ್ರವೇಶ, ಹೋದೆ, ಕವರ್ ಕೊಟ್ಟೆ, ಊಟ ಮಾಡಿದೆ, ಬಂದೆ. ತಿಥಿ, ಹೋದೆ, ಬಂದೆ. ಕಾರಿನಲ್ಲಿ ಹೋಗಿ ಬಾಗಿಲಲ್ಲಿ ಇಳಿದು ಬಾಗಿಲಲ್ಲೇ ಹತ್ತುವುದು. ಹಿಂದೆ ಬಸ್ ಇಳಿದು ಎರಡು ಮೈಲಿ ನಡೆಯುತ್ತಿದ್ದೆ, ದಾರಿಯಲ್ಲಿ ಹತ್ತು ಜನ ತಡೆದು ಮಾತಾಡಿಸುತ್ತಿದ್ದರು, ಮನೆ ಮುಟ್ಟುವಷ್ಟರಲ್ಲಿ ಅಣ್ಣನ ಸುದ್ದಿ ಅರ್ಧ ನನಗೆ, ನನ್ನ ಸುದ್ದಿ ಅರ್ಧ ಅಣ್ಣನಿಗೆ ಗೊತ್ತಾಗಿರುತ್ತಿತ್ತು.

ಕೆಂಚ ಸತ್ತಿದ್ದು ನನ್ನ ತಪ್ಪಿನಿಂದ. ರಾತ್ರಿ, ಮಳೆ, ಮೂಲೆಯ ನಕ್ಷೆಯ ಕೆಂಪು ಗೆರೆ ನೋಡುತ್ತಾ ಓಡಿಸುತ್ತಿದ್ದೆ. ಮುಂದೆ ಕಣಿವೆ ಇದ್ದದ್ದು ನೋಡಲಿಲ್ಲ. ಇಬ್ಬರೂ ಉರುಳಿದೆವು, ನಾನು ಎದ್ದೆ, ಅದು ಏಳಲಿಲ್ಲ. ಬದುಕಿಸುವ ಔಷಧ ನನ್ನ ಹತ್ತಿರ ಇರಲಿಲ್ಲ. ಆ ಆಟದಲ್ಲಿ ಸತ್ತ ಕುದುರೆಯ ಜೀನು ಬಿಚ್ಚಿ ಹೆಗಲ ಮೇಲೆ ಹೊತ್ತು ನಡೆಯಬಹುದು. ನಡೆದೆ. ಹತ್ತಿರದ ಊರು ಮುಟ್ಟಲು ತುಂಬಾ ಹೊತ್ತು ಬೇಕಾಯಿತು. ಆ ಹೊತ್ತಿನಲ್ಲಿ ಮೊದಲ ಸಲ ಆ ಕಾಡು ನೋಡಿದೆ ಅನ್ನಬೇಕು. ಹಿಂದೆ ಸೋಫಾದಲ್ಲಿ ಮನೆಯವರು, 'ಅಲ್ಲಾರೀ, ಟಿವಿ ಕುದುರೆಗೆ ಮುಖ ಹೀಗೆ ಮಾಡಿಕೊಂಡಿದ್ದೀರಲ್ಲ' ಅಂದರು. ಮಗನಿಗೆ ಫೋನ್ ಮಾಡಿ ಹೇಳಿದೆ. 'ಅಪ್ಪಾ, ಹಳೇ ಸೇವ್ ಇರುತ್ತೆ, ಲೋಡ್ ಮಾಡಿ, ವಾಪಸ್ ಬರುತ್ತೆ' ಅಂದ. ಮಾಡಿದೆ. ಬಂತು. ಇಲ್ಲಿ ಬದುಕಿಗೆ ಲೋಡ್ ಗುಂಡಿ ಇಲ್ಲ ಅಂತ ಒಂದು ಸಾಲು ಬರೆಯಬಹುದು, ಆದರೆ ಅದು ಬೆಳಗಿನ ವಾಟ್ಸಾಪ್ ಗುಲಾಬಿ ಹೂವಿನ ಮಾತು, ನನಗೆ ಬೇಡ. ನಾನು ಮೂಲೆಯ ನಕ್ಷೆ ಆಫ್ ಮಾಡಿದೆ. ಸೆಟ್ಟಿಂಗಿನಲ್ಲಿ ಅದಕ್ಕೆ ಅವಕಾಶ ಇದೆ. ಇವತ್ತಿನವರೆಗೂ ಆನ್ ಮಾಡಿಲ್ಲ. ದಿನಾ ದಾರಿ ತಪ್ಪುತ್ತೇನೆ.

ಬೆಂಗಳೂರಿನ ಆಟದ ಸ್ಟುಡಿಯೋಗಳಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರಿಗೆ ಒಂದು ಕೋರಿಕೆ ಇದೆ, ನೀವು ಅಚ್ಚು ಹಾಕಿದರೆ ಅವರ ಮನೆಯಲ್ಲಿ ಯಾರಾದರೂ ಓದುತ್ತಾರೆ. 1997ರಲ್ಲೇ ಅಲ್ಲಿ ಧ್ರುವ ಇಂಟರಾಕ್ಟಿವ್ ಅನ್ನುವ ಆಟದ ಕಂಪನಿ ಶುರುವಾಗಿತ್ತು, 2019ರಲ್ಲಿ ಈ ಕುದುರೆ ಆಟ ಮಾಡಿದ ರಾಕ್‌ಸ್ಟಾರ್ ಕಂಪನಿ ಅದನ್ನು ಕೊಂಡುಕೊಂಡಿತು. ಈ ಕುದುರೆ ಆಟದ ಹಿಂದೆ ಕೆಲಸ ಮಾಡಿದ ರಾಕ್‌ಸ್ಟಾರ್ ಸ್ಟುಡಿಯೋಗಳಲ್ಲಿ ಬೆಂಗಳೂರಿನದೂ ಒಂದು. ಅಮೆರಿಕದ ಬಯಲಿಗೆ ದುಡಿದ ಕೈಗಳು ಡಾಬಸ್‌ಪೇಟೆ ತನಕ ಬಂದು ಶಿವಗಂಗೆಯನ್ನು ಒಮ್ಮೆ ನೋಡಲಿ. ಪೂರ್ವದಿಂದ ನೋಡಿದರೆ ನಂದಿ, ಪಶ್ಚಿಮದಿಂದ ಗಣಪತಿ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆ ಎತ್ತಿದ ಹಾವು ಅಂತ ನಮ್ಮ ಕಡೆ ಹೇಳುತ್ತಾರೆ. ಎಲ್ಲಿ ಕಳೆದುಹೋದರೂ ತಲೆ ಎತ್ತಿ ಬೆಟ್ಟದ ಆಕಾರ ನೋಡಿದರೆ ಸಾಕು, ನೀವು ಯಾವ ದಿಕ್ಕಿನಲ್ಲಿದ್ದೀರಿ ಅಂತ ಗೊತ್ತಾಗುತ್ತದೆ. ಬಾಣ ಬೇಡ, ಚುಕ್ಕೆ ಬೇಡ. ಮೇಲೆ ಹತ್ತಿದರೆ ಒಳಕಲ್ಲು ತೀರ್ಥ, ಕತ್ತಲೆಯ ತೂತಿನಲ್ಲಿ ಕೈ ಹಾಕಬೇಕು, ಅದೃಷ್ಟ ಇದ್ದವರಿಗೆ ನೀರು ಸಿಗುತ್ತದೆ ಅನ್ನುತ್ತಾರೆ. ಇದಕ್ಕಿಂತ ಒಳ್ಳೆಯ ಓಪನ್ ವರ್ಲ್ಡ್ ವಿನ್ಯಾಸ ಯಾವ ಜಪಾನಿನವನು ಮಾಡಿಯಾನು? ನನಗಂತೂ ಕೈಗೆ ನೀರು ಸಿಕ್ಕಿಲ್ಲ. ಮೂರು ಸಲ ಹೋಗಿದ್ದೇನೆ.

ಹಾಗೆಯೇ, ನಿಮ್ಮ ಪತ್ರಿಕೆ ಶುಕ್ರವಾರ ಬಂದ ಸಿನಿಮಾಕ್ಕೆ ಶನಿವಾರ ನಕ್ಷತ್ರ ಕೊಡುತ್ತದೆ. ತಿಂಗಳಿಗೆ ಒಂದು ಆಟದ ವಿಮರ್ಶೆ ಕನ್ನಡದಲ್ಲಿ ಬರೆಸಿ. ಆಡಿದವರಿಂದಲೇ ಬರೆಸಿ.

ಹೋದ ತಿಂಗಳು ಊರಿಗೆ ಹೋದೆ. ಯಾವ ಕಾರ್ಯವೂ ಇರಲಿಲ್ಲ, ಸುಮ್ನೆ ಹೋದೆ. ಬಸ್ಸಿಳಿದು ನಡೆದೆ. ಅಣ್ಣ ತೋಟದಲ್ಲಿದ್ದ, ಏನು ಬಂದೆ ಅಂತ ಕೇಳಲಿಲ್ಲ, ಎಳನೀರು ಕೆತ್ತಿಕೊಟ್ಟ. ತುಂಬಾ ಹೊತ್ತು ಇಬ್ಬರೂ ತೆಂಗಿನ ನುಸಿ ರೋಗದ ಬಗ್ಗೆ ಮಾತಾಡಿದೆವು. ಆಮೇಲೆ ನಾನು ಕುದುರೆಯ ವಿಷಯ ಹೇಳಿದೆ, ಮಗ ಅದಕ್ಕೆ ಕೆಂಚ ಅಂತ ಹೆಸರಿಟ್ಟದ್ದು, ನಾನು ಕಣಿವೆಗೆ ಬೀಳಿಸಿದ್ದು, ಎಲ್ಲ. ಅವನು ಮಚ್ಚು ಕೆಳಗಿಟ್ಟು ಕೇಳಿದ. ಅರ್ಥವಾಯಿತೋ ಇಲ್ಲವೋ ಗೊತ್ತಿಲ್ಲ.

'ಮೇವು ಏನು ಹಾಕ್ತೀಯ ಅದಕ್ಕೆ?' ಅಂದ.

'ಓಟ್ಸಿನ ಬಿಲ್ಲೆ, ಕ್ಯಾರೆಟ್ಟು, ಸೇಬು' ಅಂದೆ.

'ಥೂ, ಅದಕ್ಕೇ ಕಾಲಲ್ಲಿ ಕಸುವಿಲ್ಲದೆ ಬಿದ್ದೈತೆ. ಕುದುರೆಗೆ ಹುರುಳಿ ಹಾಕ್ಬೇಕು ಕಣೋ.'

ಆಟದಲ್ಲಿ ಎಷ್ಟು ಹುಡುಕಿದರೂ ಹುರುಳಿ ಇಲ್ಲ. ಬೆಂಗಳೂರಿನವರು ಇದನ್ನೂ ಬರೆದುಕೊಳ್ಳಲಿ.

ಇಂತಿ,
ಒಬ್ಬ ನಿವೃತ್ತ ಭೂಮಾಪಕ,
ತುಮಕೂರು